ಪರದೆಯಾಚೆ ಕೂತು ಪಾಠ ಹೇಳಿದ ಓಬಣ್ಣನವರು

ದಾದಾಪೀರನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಮರಳಿಹೋಗಿ, ಹಡಗಲಿಯ ಆ ಓಣಿಯಲ್ಲಿ ಎಂದಿನಂತೆ ನಲ್ಲಿಗೆ ನೀರು ಬಂದ ಮೊದಲ ಬೆಳಿಗ್ಗೆ, ಅವನ ಮನೆ ಬಾಗಿಲಿಗೆ ಬಂದವರು ಗುರುಗಳಾದ ಶ್ರೀ ಓಬಣ್ಣನವರು. ಹರಪನಹಳ್ಳಿಯಲ್ಲಿ ಸೇವೆಗೆ ಸೇರಿ, ಕೊಟ್ಟೂರು, ಕೂಡ್ಲಿಗಿಗಳ ಮಕ್ಕಳಿಗೂ ಕಂಪ್ಯೂಟರ್ ಕಲಿಸಿ, ಈಗ ಪಾಲಿಟೆಕ್ನಿಕ್‌ನಿಂದ ನಿವೃತ್ತರಾಗುತ್ತಿರುವ ಅವರನ್ನು ಅರಿಯದ ವರ್ಕ್‌ಶಾಪ್ ಈ ಸೀಮೆಯಲ್ಲಿಲ್ಲ. ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದನ್ನು ಇಲ್ಲಿ ಹಲವರು ಕಲಿತದ್ದು ಅವರಿಂದಲೇ.

ದಾದಾಪೀರನ ಹೆಂಡತಿ ಜರೀನಾ ಇದ್ದತ್‌ನಲ್ಲಿದ್ದಳು. ಗಂಡ ತೀರಿದ ಹೆಣ್ಣು ನಾಲ್ಕು ತಿಂಗಳಿಗೂ ಮೇಲ್ಪಟ್ಟು ಮನೆಯೊಳಗೇ ಇದ್ದು, ಹೊರಗಿನ ಗಂಡಸರೆದುರು ಬಾರದ ಅವಧಿ ಅದು. ಗಂಡ ಪ್ರೋಗ್ರಾಂ ಪರೀಕ್ಷಿಸಲೆಂದು ಗುರುಗಳಿಂದ ಎರವಲು ತಂದಿದ್ದ ಅಂಗೈಯಗಲದ ಕಂಪ್ಯೂಟರ್ ಬೋರ್ಡನ್ನು ಅವಳು ಅತ್ತೆ ಶಹಜಾನಬಿಯ ಕೈಯಲ್ಲಿ ಹೊರಗೆ ಕಳಿಸಿದಳು. ಓಬಣ್ಣನವರು ಮುಟ್ಟಲಿಲ್ಲ.

“ಮಾಗಳದ ಮೋಟರಿನ ಕೆಲಸ ಮುಗಿದೈತೇನು? ಮುಗಿದ ಮ್ಯಾಲ ಕೊಡ್ಲಿ, ತಗೋತೀನಿ.”

ಮಾಗಳದಲ್ಲಿ ಹೊಳೆನೀರು ಎತ್ತುವ ಮೋಟರುಗಳನ್ನು ನಡೆಸಲು ದಾದಾಪೀರ್ ಬರೆಯುತ್ತಿದ್ದ ಪ್ರೋಗ್ರಾಂ ಅರ್ಧಕ್ಕೆ ನಿಂತಿತ್ತು. ಅದು ಓಡದಿದ್ದರೆ ಕೆಲಸ ಬೇರೆಯವರ ಪಾಲು, ಅವನ ಕಂಪ್ಯೂಟರ್ ಅಂಗಡಿಗೆ ಬೀಗ. ಎಂಸಿಎ ಓದಿದ ಜರೀನಾಗೆ ಇದು ಗೊತ್ತಿತ್ತು. ಕೈ ಮಾತ್ರ ಏಳುತ್ತಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಗುರುಗಳು ಪಡಸಾಲೆಯಲ್ಲಿ, ಶಿಷ್ಯೆ ಪರದೆಯೊಳಗೆ, ನಡುವೆ ಎಲೆಅಡಿಕೆ ಹಿಡಿದ ಶಹಜಾನಬಿ. ಸ್ಕ್ರೀನ್ ಕಾಣದ ಗುರುಗಳಿಗೆ ಅವಳು ಸಾಲುಸಾಲಾಗಿ ಓದಿ ಹೇಳಬೇಕು. ಪ್ರೋಗ್ರಾಂ ತಯಾರಾಗುವುದು ಅಂಗಡಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಓಡುವುದು ಲಿನಕ್ಸ್ ಬೋರ್ಡಿನಲ್ಲಿ. ಫೈಲುಗಳ ವಿಳಾಸ ಮೊದಲನೆಯದರಲ್ಲಿ ಡ್ರೈವಿನ ಅಕ್ಷರದಿಂದ ಶುರುವಾಗಿ ಹಿಂದಕ್ಕೆ ವಾಲಿದ ಗೆರೆಗಳಲ್ಲಿ ಸಾಗುತ್ತದೆ. ಎರಡನೆಯದರಲ್ಲಿ ಮುಂದಕ್ಕೆ ವಾಲಿದ ಗೆರೆ. ಒಂದರ ವಿಳಾಸವನ್ನು ಇನ್ನೊಂದಕ್ಕೆ ಬದಲಿಸಿಕೊಡಲೆಂದು ದಾದಾಪೀರ್ ಒಂದು ಸಾಫ್ಟ್‌ವೇರ್ ಉಪಕರಣ ಹಾಕಿಟ್ಟಿದ್ದ.

“ಗೆರಿ ಹಿಂದ ವಾಲಿದ್ರೇನು, ಮುಂದ ವಾಲಿದ್ರೇನ್ರಿ ಸಾರ್? ನಾನೂ ಎರಡೂ ಕಡಿ ವಾಲಿಕೊಂಡ ನಡೀತೀನಿ, ಮನಿ ನಡದಿಲ್ಲೇನು?” ಎಂದು ಶಹಜಾನಬಿ ಕೆಣಕುವರು.

“ನಿಮ್ಮಷ್ಟು ತಾಳ್ಮಿ ಕಂಪ್ಯೂಟರಿಗಿಲ್ರಿ ಅವ್ವಾರ.”

ಒಂದು ಸಂಜೆ ಓದುತ್ತಿದ್ದ ಜರೀನಾ ನಡುವೆಯೇ ನಿಂತಳು. ಬೋರ್ಡು ತನ್ನಲ್ಲಿಲ್ಲದ ಫೋಲ್ಡರೊಂದನ್ನು ಹುಡುಕುತ್ತಿತ್ತು.

“ದಾದಾಪೀರ್ ಇಲ್ಲ ಅಂತ ಬರಾಕತ್ತೈತಿ ಸರ್.”

ಓಬಣ್ಣನವರು ಆ ಸಾಲನ್ನು ಮತ್ತೊಮ್ಮೆ ಪೂರ್ತಿ ಓದಿಸಿದರು. ಅವರಿಗೆ ಅರ್ಥವಾಯಿತು: ಬೋರ್ಡಿನೊಳಗಿನ ಫೈಲಿನ ವಿಳಾಸವನ್ನೂ ಆ ಉಪಕರಣ ಲ್ಯಾಪ್‌ಟಾಪಿನದೆಂದು ತಿಳಿದು, ಅಲ್ಲಿ ದಾದಾಪೀರನ ಹೆಸರಿದ್ದ ಫೋಲ್ಡರನ್ನು ಅದರ ಮುಂದೆ ಜೋಡಿಸಿತ್ತು.

“ಎಲ್ಲಾ ವಿಳಾಸ ಬದಲಿ ಮಾಡಬಾರದವ್ವಾ. ಲ್ಯಾಪ್‌ಟಾಪ್ ಓದೋದು ಬದಲಿ ಆಗ್ಲಿ. ಬೋರ್ಡ್ ಓದೋದನ್ನ ಮುಟ್ಟಬ್ಯಾಡ ಅಂತ ಅದಕ್ಕ ಹೇಳು.”

“ಅವರ ಹೆಸರು ಅಳಸಬೇಕಾ ಸರ್?”

“ಯಾಕ ಅಳಸ್ತಿ? ಅಂಗಡಿ ಲ್ಯಾಪ್‌ಟಾಪಿನ್ಯಾಗ ಹಂಗ ಇರ್ಲಿ. ಅದು ಅವನ ಜಾಗ.”

ಅವಳು ಒಂದೇ ಸಾಲು ಸೇರಿಸಿದಳು. ಬೋರ್ಡಿನ ದೀಪ ಮಿನುಗಿತು. ಅದೇ ಪ್ರೋಗ್ರಾಂ ಮಾಗಳದಲ್ಲಿ ಕೂರಿಸಿದ್ದ ಬೋರ್ಡಿಗೆ ಹೋಗಿ, ಆ ವಾರವೇ ಅಲ್ಲಿನ ಹೊಲಗಳಿಗೆ ನೀರು ಹರಿಯಿತು.

ಇಂಥ ಗುರುಗಳ ಆಯುಷ್ಯ ಬೆಳೆಯಲಿ; ಕಾಲೇಜಿನ ಬಾಗಿಲು ದಾಟಿದ ಮೇಲೂ ಇನ್ನೆಷ್ಟೋ ಪಡಸಾಲೆಗಳಲ್ಲಿ ಅವರ ದನಿ ಕೇಳುತ್ತಿರಲಿ.

ಇದ್ದತ್ ಮುಗಿದ ಮೇಲೆ ಜರೀನಾ ಮೊದಲು ಹೋದದ್ದು ಅವರ ಮನೆಗೆ. ಅಂಗಡಿಯ ಬೀಗದಕೈ ಹಿಡಿದ ಕೈಯಲ್ಲೇ ಬೋರ್ಡನ್ನು ಮುಂದೆ ಚಾಚಿದಳು.

“ಕೆಲಸ ಮುಗೀತು ಸರ್.”

ಓಬಣ್ಣನವರು ಎದ್ದು ನಿಂತು, ಎರಡೂ ಕೈಯಿಂದ ತೆಗೆದುಕೊಂಡರು.