ಸಾಹೇಬನ ಚೀಟಿಯಲ್ಲಿದ್ದ ಒಂದು ಮಾತು

ಆಗ ನಾನು ಕುಕನೂರಿನ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನಗೆ ಬರುತ್ತಿದ್ದುದೇ ಅಷ್ಟಕ್ಕಷ್ಟೆ. ಒಂದೇ ಕೋಣೆಯಲ್ಲಿ ಮೂರು ತರಗತಿಗೆ ಕೂಗಿ ಕೂಗಿ ಸಂಜೆಯ ಹೊತ್ತಿಗೆ ಗಂಟಲು ಬಿದ್ದುಹೋಗುತ್ತಿತ್ತು. ಅಂಥ ಒಂದು ಸಂಜೆ ಯಲಬುರ್ಗಾದಿಂದ ಗೋಡೆ ಕಟ್ಟುವ ಒಬ್ಬ ಗೌಂಡಿ ನಡೆದು ಬಂದ. ವಯಸ್ಸು ಐವತ್ತರ ಆಸುಪಾಸು. ಕೊಪ್ಪಳದ ಕಡೆ ಕಟ್ಟಡ ಕಟ್ಟಿಸುತ್ತಿದ್ದ ಇಂಗ್ಲಿಷ್ ಇಂಜಿನಿಯರನ ಕೈಕೆಳಗೆ ಹನ್ನೊಂದು ವರ್ಷ ದುಡಿದವನು. ಸಾಹೇಬ ತನ್ನ ದೇಶಕ್ಕೆ ಹೊರಟಾಗ ಇವನಿಗೊಂದು ಚೀಟಿ ಬರೆದುಕೊಟ್ಟಿದ್ದ. ತುಂಗಭದ್ರೆಯ ಅಣೆಕಟ್ಟಿನಲ್ಲಿ ಮೇಸ್ತ್ರಿ ಕೆಲಸ ಕೇಳುವ ಮುನ್ನ ಅದರಲ್ಲೇನಿದೆ ಎಂದು ಇವನಿಗೆ ತಿಳಿಯಬೇಕಿತ್ತು.

"ಸ್ವಲ್ಪ ಓದಿ ಹೇಳ್ರಿ ಮಾಸ್ತರ್ರ."

ಇದ್ದದ್ದು ಎರಡೇ ಸಾಲು. ಇಷ್ಟು ವರ್ಷ ನನ್ನ ಬಳಿ ದುಡಿದ ಎಂಬುದೊಂದು. ಇವನು 'ಬ್ರಿಕ್' ಎಂಬುದು ಇನ್ನೊಂದು. ನನಗೆ ಗೊತ್ತಿದ್ದ ಅರ್ಥ ಒಂದೇ.

"ಕಾಕಾ, ನೀ ಇಟ್ಟಂಗಿ ಅಂತ ಬರದಾನ."

"ಇಟ್ಟಂಗಿ ಕಟ್ಟಾವ ಅಂತೇನ್ರಿ?"

"ಅಲ್ಲ. ಇಟ್ಟಂಗೀನ ಅಂತ."

ಅವನು ಚೀಟಿ ತಿರುಗಿಸಿ ಹಿಂಬದಿ ನೋಡಿದ. ಅಲ್ಲೇನೂ ಇರಲಿಲ್ಲ. "ಮಣ್ಣಿನ ಹೆಂಟಿ ಅಂದಂಗಾತಲ್ರಿ" ಎಂದ. ನೀರು ಕೊಟ್ಟೆ, ಕುಡಿಯಲಿಲ್ಲ. ತಿಳಿದ ಇನ್ನೊಬ್ಬರನ್ನು ಕೇಳೋಣ ಎನ್ನಬಹುದಿತ್ತು. ಅಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮರುವರ್ಷ ಪರೀಕ್ಷೆಯ ಕೆಲಸಕ್ಕೆ ಕೊಪ್ಪಳಕ್ಕೆ ಹೋದಾಗ ಅಲ್ಲಿನ ಸಾಲೆಯ ಹೆಡ್‌ಮಾಸ್ತರರ ದಪ್ಪ ನಿಘಂಟು ಕೈಗೆ ಸಿಕ್ಕಿತು. ಆ ಶಬ್ದ ತೆಗೆದು ನೋಡಿದೆ. ಮೊದಲು ಸುಟ್ಟ ಇಟ್ಟಂಗಿ. ಅದರ ಕೆಳಗೆ, ಆಡುಮಾತಿನಲ್ಲಿ: ಕಷ್ಟಕ್ಕೆ ಆಗುವ, ನಂಬಿಗಸ್ತ ಮನುಷ್ಯ. ಪುಸ್ತಕ ಮುಚ್ಚಿದೆ.

ರವಿವಾರ ಯಲಬುರ್ಗಾಕ್ಕೆ ಹೋದೆ. ಅವನು ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಚೀಟಿ ತೋರಿಸದೆ ಅಣೆಕಟ್ಟಿಗೆ ಹೋಗಿ, ಕಲ್ಲು ಹೊರುವ ಕೂಲಿಯಾಗಿ ಎಂಟು ತಿಂಗಳು ದುಡಿದು, ಸೊಂಟ ಹಿಡಿದು ಮರಳಿದ್ದ. ನನ್ನಿಂದಾದ ತಪ್ಪನ್ನು ಹೇಳಿದೆ.

"ಚೀಟಿ ಐತೇನು ಕಾಕಾ?"

"ಅವತ್ತ ಒಲಿಗೆ ಹಾಕೀನ್ರಿ."

"ನಾನ ಒಂದು ಬರದು ಕೊಡ್ತೀನಿ."

"ಇನ್ಯಾಕ್ರಿ? ಈ ಸೊಂಟ ಏಳಂಗಿಲ್ಲ." ಚಾಚಿದ ಕಾಲು ಎಳೆದುಕೊಂಡು, "ಏನಂತ ಬರದಿದ್ದ, ಇನ್ನೊಮ್ಮಿ ಹೇಳ್ರಿ" ಎಂದ. ಹೇಳಿದೆ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕರೆದು ಅವಳೆದುರಿಗೂ ಹೇಳಿಸಿದ.

ಅವಳ ಕೈ ತುಂಬ ಜೋಳದ ಹಿಟ್ಟಿತ್ತು. "ಇವರು ಅಂಥವರಂತ ನಮಗ ಗೊತ್ತಿತ್ತಲ್ರಿ" ಎಂದಳು. "ರೊಟ್ಟಿ ಮಾಡಾಕತ್ತೀನಿ. ಉಂಡು ಹೋಗ್ರಿ."

ಉಂಡೆ. ಒಂದು ರೊಟ್ಟಿ ಮುಗಿಸಲು ಬಹಳ ಹೊತ್ತು ಹಿಡಿಯಿತು.