ಗಾಡಿಯಲ್ಲಿ ಕೂತ ಮೊಸರು

ಆ ಟ್ಯಾಂಕಿಗೆ ನೀರು ತುಂಬಿಸಲು ಹೇಳಿದವನು ನಾನೇ ಎಂದು ನನ್ನ ನೆನಪು. ಆದರೆ ಈಚೆಗೆ ನನ್ನ ನೆನಪನ್ನು ನಾನೇ ನಂಬುತ್ತಿಲ್ಲ. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಜೊತೆಗೆ ಕಲಿಸಿ ಕಳಿಸಿದರು. ದೇವರು, ಜಾತಕ, ಹವಾಮಾನ ವರದಿ ಎಲ್ಲವನ್ನೂ ಅನುಮಾನಿಸಿ ಮುಗಿಸಿದೆ. ಉಳಿದವನು ನಾನೊಬ್ಬನೇ.

ನಡೆದದ್ದಿಷ್ಟು. ನನ್ನ ತಂಗಿ ಸುವರ್ಣಾ ಹಾಸ್ಟೆಲಿನ ಅಡಿಗೆ ಕೆಲಸ ಬಿಟ್ಟು ಗಾಲಿಯ ಮೇಲೊಂದು ಖಾನಾವಳಿ ಮಾಡಿದಳು. ಮೋಮಿನಪುರದ ವೆಲ್ಡರ್ ರಶೀದ್ ಭಾಯಿ ಕಟ್ಟಿಕೊಟ್ಟ ತಗಡಿನ ಕೋಣೆ ಅದು. ದೊಡ್ಡ ಲಾರಿಗಳು ಕಂಟೇನರ್ ಎಳೆಯುತ್ತವಲ್ಲ, ಹಾಗೆ ಅದರ ಮೂತಿ ಪಿಕಪ್ಪಿನ ಬೆನ್ನೇರಿ ಹಿಂದಿನ ಗಾಲಿಗಳ ನೇರಕ್ಕೆ ಕೂರುತ್ತದೆ. ಅವಳ ಗಂಡ ಶರಣಪ್ಪ ಅದನ್ನು ದಿನವೂ ಶರಣಸಿರಸಗಿಯ ಮನೆಯಿಂದ ಕಮಲಾಪುರಕ್ಕೆ ಎಳೆದೊಯ್ಯಬೇಕು. ರೊಟ್ಟಿ, ಪುಂಡಿಪಲ್ಯ ಎಲ್ಲಿಯೂ ಸಿಗುತ್ತವೆ. ಸುವರ್ಣಾಳ ಹೆಸರಿರುವುದು ಮೊಸರಿನಲ್ಲಿ. ಸಣ್ಣ ಮಣ್ಣಿನ ಕುಡಿಕೆಗಳಲ್ಲಿ ಹೆಪ್ಪು ಹಾಕಿದರೆ ಕೆನೆ ರೊಟ್ಟಿಯ ಹಾಗೆ ಕಟ್ಟುತ್ತದೆ.

ಮೊದಲ ದಿನ ಕಮಲಾಪುರ ಮುಟ್ಟುವಷ್ಟರಲ್ಲಿ ಅಷ್ಟೂ ಕುಡಿಕೆಗಳಲ್ಲಿ ಮೊಸರು ಒಡೆದು ನೀರು ಮೇಲೆ ಬಂದಿತ್ತು. ಊಟಕ್ಕೆ ಬಂದ ಒಬ್ಬ ಹಿರಿಯರು ಕುಡಿಕೆ ಅಲ್ಲಾಡಿಸಿ, "ಅಕ್ಕಾರ, ಇದನ್ನ ತಿನ್ನೋದೇನ್ರೀ, ಕುಡಿಯೋದೇನ್ರೀ?" ಎಂದರು. ಪಕ್ಕದವನು, "ಟೇಂಪೋದಾಗ ಮಜ್ಜಿಗಿ ಕಡಿಯೋ ಹೊಸಾ ಮಷೀನ್ ಬಂದದ ಕಾಕಾ" ಎಂದ. ಸುವರ್ಣಾ ನಗಲಿಲ್ಲ. ಸಂಜೆ ನನ್ನ ಮುಂದೆ, "ಹಾಸ್ಟೆಲ್‌ನ್ಯಾಗ ನನ್ನ ಜಾಗಾಕ್ಕ ಇನ್ನೂ ಯಾರನ್ನೂ ತೊಗೊಂಡಿಲ್ಲಂತ ಅಣ್ಣಾ. ಸೋಮವಾರ ತನಕ ನೋಡ್ತೀನಿ. ಮೊಸರು ನಿಲ್ಲಲಿಲ್ಲಂದ್ರ ಈ ಡಬ್ಬಿ ಮಾರಿ ವಾಪಸ್ ಹೋಗ್ತೀನಿ" ಎಂದಳು.

ಹೀಗೆ ನನ್ನ ವಿದ್ಯೆಗೆ ಕರೆ ಬಂತು. ಯಾರೂ ಕರೆದಿರಲಿಲ್ಲ ಎಂದು ಶರಣಪ್ಪ ಹೇಳುತ್ತಾನೆ, ಅದನ್ನೂ ಪರಿಶೀಲಿಸಬೇಕು.

ನನ್ನ ಸಿದ್ಧಾಂತ ಸರಳವಾಗಿತ್ತು. ಭಾರ ಕಡಿಮೆಯಾದರೆ ಹೊಡೆತ ಕಡಿಮೆ. ಮೂತಿಯ ಭಾಗದಲ್ಲಿದ್ದ ನೀರಿನ ಟ್ಯಾಂಕಿ ಖಾಲಿ ಮಾಡಿಸಿದೆ. ಟೈರುಗಳಿಗೆ ಟಣ್ ಎನ್ನುವಷ್ಟು ಗಾಳಿ ಹೊಡೆಸಿದೆ. ಕಣ್ಣಾರೆ ನೋಡಬೇಕೆಂದು, ಶರಣಪ್ಪ ಬೇಡವೆಂದರೂ, ಒಂದು ಕುಡಿಕೆ ತೊಡೆಯ ಮೇಲಿಟ್ಟುಕೊಂಡು ಒಳಗೇ ಕೂತೆ. ಹಿಂದೆ ಮೊಸರು ಮಾರುವ ಹೆಂಗಸರು ಗಡಿಗೆಗಳನ್ನು ತಲೆಯ ಮೇಲಿಟ್ಟು ಹಳ್ಳಿಯಿಂದ ಪೇಟೆಗೆ ನಡೆದು ಬರುತ್ತಿದ್ದರು, ಮೊಸರು ಒಂದು ಗೆರೆಯೂ ಬಿಡುತ್ತಿರಲಿಲ್ಲ. ಮನುಷ್ಯನ ಸೊಂಟದಂಥ ಸ್ಪ್ರಿಂಗನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಪಲ್ಲಕ್ಕಿ ಕಂಡುಹಿಡಿದವನಿಗೂ ಇದು ಗೊತ್ತಿದ್ದಿರಬೇಕು, ಬೇರೆಯವರ ಸೊಂಟ ಬಳಸಿದ ಅಷ್ಟೇ. ಇಷ್ಟು ಯೋಚಿಸುವಷ್ಟರಲ್ಲಿ ಮೊದಲ ರೋಡ್ ಹಂಪ್ ಬಂತು. ಪಿಕಪ್ ಇಳಿಯಿತು, ನಾವು ಏರಿದೆವು. ಪಿಕಪ್ ಮುಂದಕ್ಕೆ ಹೋಯಿತು, ಕೋಣೆ ಒಂದು ಗಳಿಗೆ ತಡೆದು, ಆಮೇಲೆ ನೆನಪಾದವರ ಹಾಗೆ ಅದರ ಬೆನ್ನಿಗೆ ಗುದ್ದಿತು. ಕುಡಿಕೆ ತೊಡೆಯ ಮೇಲೇ ಇತ್ತು. ಮೊಸರು ಕನ್ನಡಕದ ಮೇಲಿತ್ತು.

ಗಾಡಿ ತಿರುಗಿಸಿ ಮೋಮಿನಪುರಕ್ಕೇ ಬಂದೆವು. ರಶೀದ್ ಭಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅರೆ ಸಾಬ್, ದಹಿವಡಾ ಆಗೀರಲ್ರೀ! ಮ್ಯಾಲೆ ಖಾರಪುಡಿ ಒಂದು ಕಮ್ಮಿ" ಎಂದರು. ಕೋಣೆಯನ್ನು ಪಿಕಪ್ಪಿಗೆ ಜೋಡಿಸುವ ಗೂಟ ಸಡಿಲವಾಗಿದೆ, ಅದೇ ರೋಗ ಎಂದು ಹಳೆ ಟೈರಿನ ರಬ್ಬರ್ ಕತ್ತರಿಸಿ ತುರುಕಿದರು. ಶರಣಪ್ಪ ಯಾರನ್ನೂ ಕೇಳದೆ ಟೈರಿನ ಗಾಳಿ ಇಳಿಸಿದ. ಟ್ಯಾಂಕಿ ಮತ್ತೆ ಕಂಠಮಟ್ಟ ತುಂಬಿತು. ಮರುದಿನ ಕಮಲಾಪುರಕ್ಕೆ ಹೋದ ಗಾಡಿ ಕುಣಿಯಲಿಲ್ಲವಂತೆ. ಅಂದು ನಾನು ಹೋಗಿರಲಿಲ್ಲ. ಅದಕ್ಕೇ ಕುಣಿಯಲಿಲ್ಲ ಎಂಬುದು ಶರಣಪ್ಪನ ಸಿದ್ಧಾಂತ.

ಈಗ ಕೀರ್ತಿಯ ಪ್ರಶ್ನೆ. ರಬ್ಬರಿನ ಮಹಿಮೆ ಎಂದು ರಶೀದ್ ಭಾಯಿ, ಗಾಳಿಯ ಮಹಿಮೆ ಎಂದು ಶರಣಪ್ಪ. ಮೂತಿಯ ಮೇಲೆ ಭಾರ ಬಿದ್ದದ್ದರಿಂದಲೇ ಕೋಣೆ ಪಿಕಪ್ಪಿಗೆ ಅಂಟಿ ಕೂತಿತು, ಆ ನೀರು ನನ್ನ ಸಲಹೆ ಎಂದು ನಾನು. "ಖಾಲಿ ಮಾಡಿಸಿದ್ದಷ್ಟ ನಿಮ್ಮ ಸಲಹಾ" ಎಂದು ಅವರಿಬ್ಬರೂ ಒಂದಾದರು. ತುಂಬಿಸಲು ಹೇಳಿದ ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅದರಲ್ಲಿ ನನ್ನ ಅಂಗಿ ಮಾತ್ರ ಮೊಸರಿಲ್ಲದೆ ಶುಭ್ರವಾಗಿದೆ. ಅಲ್ಲಿಯೇ ನನಗೆ ಸಂಶಯ.

ಕೊನೆಗೆ ಸುವರ್ಣಾಳಿಗೇ ಫೋನು ಮಾಡಿದೆ. "ಟ್ಯಾಂಕಿ ತುಂಬಿಸಂತ ಯಾರು ಹೇಳಿದ್ದು?"

"ಯಾರು ಯಾಕ ಹೇಳ್ಬೇಕೋ ಅಣ್ಣಾ? ಪಾತ್ರಿ ತೊಳ್ಯಾಕ ನೀರು ಬ್ಯಾಡೇನು? ಊಟದ ಹೊತ್ತಾಗ ಫೋನ್ ಹಚ್ಚಬ್ಯಾಡ, ಮಂದಿ ಬಂದಾರ."

ಹಾಸ್ಟೆಲಿಗೆ ವಾಪಸು ಹೋಗುವ ಮಾತು ಏನಾಯಿತೆಂದು ಕೇಳುವ ಮೊದಲೇ ಫೋನು ಇಟ್ಟಳು. ಸೋಮವಾರ ಬಸ್ಸು ಹಿಡಿದು ಕಮಲಾಪುರಕ್ಕೇ ಹೋದೆ. ಗಾಡಿಯ ಮುಂದೆ ಜನ ನಿಂತಿದ್ದರು. ಒಂದು ಕುಡಿಕೆ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ನನ್ನ ತಲೆಯ ಮೇಲೆಯೇ ಬೋರಲು ಹಿಡಿದೆ. ಮೊಸರು ಬೀಳಲಿಲ್ಲ.