ಮುಟ್ಟದೆಯೇ ಕೂಗಿದ ಬೋರ್ಡು

ಮತ್ತಿಗಿರಿಯಲ್ಲಿ ನಮ್ಮ ಮನೆತನದ ಮಾತನ್ನು ನಾಲ್ಕು ತಲೆಮಾರಿನಿಂದ ಯಾರೂ ಅನುಮಾನಿಸಿಲ್ಲ. ನಾನು ನೋಡಿಕೊಳ್ಳುವ ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೆಕ್ಯಾನಿಕ್ ಮುನಿರಾಜು, ನೀರಿನ ಟ್ಯಾಂಕ್ ತುಂಬಿದಾಗ ಕೂಗುವಂತೆ ಪ್ರೋಗ್ರಾಮ್ ಬರೆದ ಮೈಕ್ರೊಕಂಟ್ರೋಲರ್ ಬೋರ್ಡು ಹಾಕಿದ. ಟ್ಯಾಂಕ್ ಖಾಲಿಯಿದ್ದಾಗಲೂ ಅದು ಕೂಗಿತು. ಅವನನ್ನು ಕರೆಸಿದೆ.

"ನೀವೇ ತಂತಿ ಮುಟ್ಟಿರ್ತೀರ, ಮೇಡಂ," ಅಂದ, ಹುಡುಗಿಯರ ಎದುರೇ.

"ಮುಟ್ಟಿಲ್ಲ. ನೋಡು."

ಟ್ಯಾಂಕಿನಿಂದ ಬೋರ್ಡಿಗೆ ಬಂದ ತಂತಿಯ ಹತ್ತಿರ, ಮುಟ್ಟದೆ, ಕೈ ಒಯ್ದೆ, ಕೂಗಿತು. ಹಿಂದಕ್ಕೆ ತೆಗೆದೆ, ಸುಮ್ಮನಾಯಿತು. ಕುತೂಹಲ ತಡೆಯದೆ ಆರು ಸಲ ಮಾಡಿದೆ.

ಮುನಿರಾಜು ಲ್ಯಾಪ್‌ಟಾಪ್ ತೆರೆದು ನೋಡಿದ. "ನೀರು ಇಲ್ದಾಗ ತಂತಿ ಸೇರೋ ಈ ಇನ್‌ಪುಟ್ಟು ಸೊನ್ನೆಯಾ, ಒಂದಾ ಅಂತ ಗಟ್ಟಿ ಮಾಡೋ ಸಾಲನ್ನೇ ಪ್ರೋಗ್ರಾಮಲ್ಲಿ ಬರೆಯೋಕೆ ಮರ್ತ್ಬುಟ್ಟಿದ್ದೀನಿ. ಅದಕ್ಕೇ ಹತ್ರ ಬಂದ ಕೈಗೂ ಬೆಚ್ಚುತ್ತೆ."

ಸಾಲು ಸೇರಿಸಿದ. ಮತ್ತೆ ಕೈ ಒಯ್ದೆ. ಬೋರ್ಡು ಸುಮ್ಮನಿತ್ತು. ಅವನು ಸಾಮಾನು ಕಟ್ಟತೊಡಗಿದ.

"ಬೋರ್ಡು ಸರಿಹೋಯಿತು, ಮುನಿರಾಜು. ಈಗ ಇದೇ ಹುಡುಗಿಯರ ಎದುರು ನನ್ನಲ್ಲಿ ಕ್ಷಮೆ ಕೇಳು."